ಡ್ರ್ಯಾಗನ್ ಹಿಡಿಯಲು ಮರದ ಬೋನು

ಬೆಟ್ಟದ ಒಡಲನ್ನು ಕೊರೆದು ಕಟ್ಟಿದ ಒಂದು ಕೋಟೆ. ಒಳಗೆ ಗಡ್ಡಧಾರಿ ಕುಬ್ಜರ ಸಂಸಾರ. ಕಲ್ಲು ಒಡೆಯುವವರು, ಕಮ್ಮಾರರು, ಬಡಗಿಗಳು, ಅಣಬೆ ಬೆಳೆಯುವವರು, ಅದರಿಂದಲೇ ಮದ್ಯ ಮಾಡುವವರು. ಹೊರಗೆ ದಿಬ್ಬದಾಚೆಯಿಂದ ಡ್ರ್ಯಾಗನ್ ಒಂದು ಬರುತ್ತಿದೆ. ಅದು ಉಸಿರು ಬಿಟ್ಟ ಕಡೆಯಲ್ಲೆಲ್ಲ ಹುಲ್ಲು, ಮರ, ಮಾಂಸ ಎಲ್ಲವೂ ಬೂದಿ. ಕೋಟೆಯ ಕಾವಲು ಪಡೆಯಲ್ಲಿ ಇರುವವರು ಹತ್ತೇ ಮಂದಿ. ಎದುರಿಸಿ ನಿಂತರೆ ಹತ್ತೂ ಮಂದಿ ಉಳಿಯುವುದಿಲ್ಲ.

ಆದರೆ ಕೋಟೆಯನ್ನು ನಡೆಸುತ್ತಿರುವ ಆಟಗಾರ ನಿಶ್ಚಿಂತ. ಹೆಬ್ಬಾಗಿಲಿನ ಓಣಿಯಲ್ಲಿ ಅವನು ಬಡಗಿಯ ಕೈಯಲ್ಲಿ ಮಾಡಿಸಿದ ಮರದ ಬೋನೊಂದನ್ನು ಹೂಡಿಸಿದ್ದಾನೆ. ಡ್ರ್ಯಾಗನ್ ಅದರ ಮೇಲೆ ಕಾಲಿಟ್ಟದ್ದೇ ತಡ, ಸೆರೆಯಾಗುತ್ತದೆ. ಬೋನಿನ ಮರ ಸುಡುವುದಿಲ್ಲ, ಸರಳು ಮುರಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬ ಕುಬ್ಜ ಬಂದು ಬೋನನ್ನು ಉಗ್ರಾಣಕ್ಕೆ ಎಳೆದೊಯ್ಯುತ್ತಾನೆ, ಅಕ್ಕಿ ಮೂಟೆ ಸಾಗಿಸಿದಂತೆ.

ಇದು 'ಡ್ವಾರ್ಫ್ ಫೋರ್ಟ್ರೆಸ್', ಅಂದರೆ 'ಕುಬ್ಜರ ಕೋಟೆ' ಎಂಬ ಕಂಪ್ಯೂಟರ್ ಆಟದಲ್ಲಿ ನಿತ್ಯ ನಡೆಯುವ ಸಂಗತಿ. ಬೆಂಕಿಯುಗುಳುವ ಮೃಗವನ್ನು ಮರದ ಬೋನು ಹಿಡಿದಿಡುವುದೆಂದರೆ ಹಾಸ್ಯವಲ್ಲವೆ? ಆಟಗಾರರೂ ನಗುತ್ತಾರೆ. ಆದರೆ ಆ ನಗುವಿನ ಹಿಂದೆ ಬಹಳ ಹಳೆಯದಾದ ಒಂದು ಪ್ರಶ್ನೆಯಿದೆ. ಕೊಲ್ಲಲಾಗದ ಮೃಗವನ್ನು ಮನುಷ್ಯ ಏನು ಮಾಡಬೇಕು? ಕಟ್ಟಿಹಾಕಿದ ಮೇಲೆ ಅದನ್ನು ಏನು ಮಾಡಬೇಕು?

ಇಬ್ಬರು ಅಣ್ಣ ತಮ್ಮಂದಿರ ಕೋಟೆ

ಈ ಆಟವನ್ನು ಮಾಡಿದವರು ಅಮೆರಿಕದ ಸಹೋದರರಾದ ಟಾರ್ನ್ ಆಡಮ್ಸ್ ಮತ್ತು ಜ್ಯಾಕ್ ಆಡಮ್ಸ್. ಟಾರ್ನ್ ಗಣಿತಜ್ಞ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಡಾಕ್ಟರೇಟ್ ಪಡೆದವರು. ಜ್ಯಾಕ್ ಓದಿದ್ದು ಪ್ರಾಚೀನ ಇತಿಹಾಸ. ಒಬ್ಬರ ಲೆಕ್ಕ, ಇನ್ನೊಬ್ಬರ ಕಥೆ ಎಂದರೆ ಈ ಆಟದ ಹುಟ್ಟನ್ನು ಅರ್ಧ ಹೇಳಿದಂತಾಯಿತು. 2002ರಲ್ಲಿ ಕೆಲಸ ಆರಂಭವಾಯಿತು. 2006ರ ಆಗಸ್ಟ್‌ನಲ್ಲಿ ಆಟದ ಮೊದಲ ರೂಪ ಹೊರಬಂತು. ಅದೇ ವರ್ಷ ಟಾರ್ನ್ ವಿಶ್ವವಿದ್ಯಾಲಯದ ನೌಕರಿ ಬಿಟ್ಟು ಪೂರ್ತಿಯಾಗಿ ಆಟಕ್ಕೇ ಇಳಿದರು.

ಆಟವನ್ನು ಉಚಿತವಾಗಿ ಕೊಟ್ಟರು. ಆಡಿದವರು ಇಷ್ಟವಾದರೆ ಕೈಲಾದಷ್ಟು ಹಣ ಕಳಿಸಬಹುದಿತ್ತು. ಕಳಿಸಿದವರಿಗೆ ಪ್ರತಿಯಾಗಿ ಸಹೋದರರು ಬಣ್ಣದ ಕಡ್ಡಿಯಲ್ಲಿ ಬರೆದ ಒಂದು ಚಿತ್ರವನ್ನೋ ಪುಟ್ಟ ಕಥೆಯನ್ನೋ ಕಳಿಸುತ್ತಿದ್ದರು. ಹದಿನಾರು ವರ್ಷ ಸಂಸಾರ ಸಾಗಿದ್ದು ಹೀಗೆ.

ಚಿತ್ರವೆಂಬುದು ಆಟದಲ್ಲಿ ಬಹುಕಾಲ ಇರಲೇ ಇಲ್ಲ. ತೆರೆಯ ತುಂಬ ಅಕ್ಷರಗಳು, ಚಿಹ್ನೆಗಳು. ನಗುಮೊಗದ ಒಂದು ಚಿಹ್ನೆ ಎಂದರೆ ಕುಬ್ಜ. ಇಂಗ್ಲಿಷಿನ ಸಣ್ಣ 'ಸಿ' ಎಂದರೆ ಬೆಕ್ಕು, ಸಣ್ಣ 'ಜಿ' ಎಂದರೆ ಗಾಬ್ಲಿನ್ ಎಂಬ ಶತ್ರು, ದೊಡ್ಡ 'ಡಿ' ಎಂದರೆ ಡ್ರ್ಯಾಗನ್. ಹೊಸಬರಿಗೆ ಇದು ಕಲಸಿಹೋದ ಟೆಲಿಗ್ರಾಂನಂತೆ ಕಾಣುತ್ತಿತ್ತು. ಪಳಗಿದವರಿಗೆ ಮಾತ್ರ ಒಂದು ದೊಡ್ಡ 'ಡಿ' ತೆರೆಯ ಅಂಚಿನಲ್ಲಿ ಮೂಡಿದರೆ ಎದೆ ಝಲ್ಲೆನ್ನುತ್ತಿತ್ತು. ಅಕ್ಷರ ಓದಿ ಹೆದರುವುದು ಪುಸ್ತಕ ಓದುವವರಿಗೆ ಹೊಸದೇನಲ್ಲ.

2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಮೊದಲ ಬಾರಿಗೆ 14 ವಿಡಿಯೊ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಪ್ಯಾಕ್‌ಮ್ಯಾನ್, ಟೆಟ್ರಿಸ್‌ನಂಥ ಜಗದ್ವಿಖ್ಯಾತ ಆಟಗಳ ಜತೆಗೆ ಈ ಅಕ್ಷರಗಳ ಕೋಟೆಗೂ ಅಲ್ಲಿ ಜಾಗ ಸಿಕ್ಕಿತು. ಮುಂದೆ ಕೋಟಿಗಟ್ಟಲೆ ಜನ ಆಡಿದ 'ಮೈನ್‌ಕ್ರಾಫ್ಟ್' ಆಟಕ್ಕೆ ಸ್ಫೂರ್ತಿ ಕೊಟ್ಟವುಗಳಲ್ಲಿ ಇದೂ ಒಂದು.

ಕಡೆಗೂ ಆಟಕ್ಕೆ ಚಿತ್ರ, ಹೊಸ ಸಂಗೀತ, ಮೌಸ್ ಬಂದದ್ದು 2022ರ ಡಿಸೆಂಬರ್ 6ರಂದು. ವೈದ್ಯಕೀಯ ವೆಚ್ಚದ ಚಿಂತೆ ಸಹೋದರರನ್ನು ಈ ಹೆಜ್ಜೆಗೆ ದೂಡಿತ್ತು. ಕಿಟ್‌ಫಾಕ್ಸ್ ಎಂಬ ಸಂಸ್ಥೆ ಹೊರತಂದ ಈ ಬೆಲೆಯುಳ್ಳ ಆವೃತ್ತಿ ಮೊದಲ ತಿಂಗಳಲ್ಲೇ ಸುಮಾರು 5 ಲಕ್ಷ ಪ್ರತಿ ಮಾರಾಟವಾಯಿತು. ಹಳೆಯ ಅಕ್ಷರ ರೂಪವನ್ನು ಇಂದಿಗೂ ಉಚಿತವಾಗಿ ಪಡೆಯಬಹುದು.

ಮೃಗಕ್ಕೂ ಒಂದು ಜಾತಕ

ಆಟ ಆರಂಭವಾಗುವುದು ಏಳು ಕುಬ್ಜರು ಮತ್ತು ಒಂದು ಗಾಡಿಯಿಂದ. ಆದರೆ ಅದಕ್ಕೂ ಮುಂಚೆ ಕಂಪ್ಯೂಟರ್ ಒಂದು ಲೋಕವನ್ನೇ ಸೃಷ್ಟಿಸಿರುತ್ತದೆ. ಬೆಟ್ಟ ಏಳುತ್ತದೆ, ಮಳೆ ಬೀಳುತ್ತದೆ, ನದಿ ಕೊರೆಯುತ್ತದೆ. ಆಮೇಲೆ ನೂರಾರು ವರ್ಷಗಳ ಇತಿಹಾಸ ನಿಮಿಷಗಳಲ್ಲಿ ಓಡುತ್ತದೆ. ರಾಜ್ಯಗಳು ಹುಟ್ಟಿ ಅಳಿಯುತ್ತವೆ, ಮದುವೆಗಳಾಗುತ್ತವೆ, ಯುದ್ಧಗಳಾಗುತ್ತವೆ. ಪ್ರತಿಯೊಂದಕ್ಕೂ ಇಸವಿ, ಸ್ಥಳ, ಹೆಸರು ದಾಖಲಾಗಿರುತ್ತದೆ.

ಹೀಗಾಗಿ ಕೋಟೆಯ ಬಾಗಿಲಿಗೆ ಬರುವ ಡ್ರ್ಯಾಗನ್ ಬರೀ 'ಒಂದು ಡ್ರ್ಯಾಗನ್' ಅಲ್ಲ. ಅದಕ್ಕೆ ಹೆಸರಿದೆ. ಯಾವ ವರ್ಷ ಯಾವ ಊರನ್ನು ಸುಟ್ಟಿತು, ಯಾರನ್ನು ಕೊಂದಿತು, ಯಾವ ವೀರನ ಪೆಟ್ಟಿಗೆ ಗಾಯಗೊಂಡು ಓಡಿತು ಎಂಬ ಪುಟಗಳಿವೆ. ಕೋಟೆಯ ಶಿಲ್ಪಿಗಳು ಗೋಡೆಯ ಮೇಲೆ ಚಿತ್ರ ಕೆತ್ತುವಾಗ ಇಂಥ ಪ್ರಸಂಗಗಳನ್ನೇ ಆರಿಸಿಕೊಳ್ಳುವುದುಂಟು. ಆಟದ ಲೆಕ್ಕದಲ್ಲಿ ಡ್ರ್ಯಾಗನ್ ಪೂರ್ಣ ಗಾತ್ರಕ್ಕೆ ಬೆಳೆಯಲು 1,000 ವರ್ಷ ಬೇಕು. ಮುಪ್ಪಿನಿಂದ ಅದಕ್ಕೆ ಸಾವಿಲ್ಲ. ಅಂದರೆ ಬೋನಿಗೆ ಬಿದ್ದದ್ದು ಆ ಲೋಕದ ಇತಿಹಾಸಕ್ಕೆ ಕಣ್ಣಾರೆ ಸಾಕ್ಷಿಯಾದ ಒಂದು ಜೀವ.

ಈ ಗುಂಪಿನವನ್ನು ಆಟ 'ಮಹಾಮೃಗ'ಗಳೆಂದು ಕರೆಯುತ್ತದೆ. ಡ್ರ್ಯಾಗನ್, ಏಳು ತಲೆಯ ಹೈಡ್ರಾ, ಆನೆಯನ್ನೂ ಎತ್ತಬಲ್ಲ ರಾಕ್ ಪಕ್ಷಿ, ನಡೆದಾಡುವ ಕಂಚಿನ ಪ್ರತಿಮೆ ಇವೆಲ್ಲ ಇದರಲ್ಲಿ ಸೇರಿವೆ. ಗ್ರೀಕ್, ಅರಬ್ ಮತ್ತು ಯುರೋಪಿನ ಹಳೆಯ ಕಥೆಗಳಿಂದ ಎದ್ದು ಬಂದವು ಇವು. ಇವು ಬರುವುದು ಕೋಟೆ ಬಡವಾಗಿದ್ದಾಗ ಅಲ್ಲ. ಜನಸಂಖ್ಯೆ ಹೆಚ್ಚಿ, ಭಂಡಾರ ತುಂಬಿದಂತೆಲ್ಲ ಮೃಗಗಳ ಕಣ್ಣು ಬೀಳುತ್ತದೆ. ಸಿರಿಯೇ ಆಪತ್ತನ್ನು ಕರೆತರುತ್ತದೆ ಎಂಬ ಹಿರಿಯರ ಮಾತನ್ನು ಇಲ್ಲಿ ಲೆಕ್ಕದ ಸೂತ್ರವಾಗಿ ಬರೆದಿಡಲಾಗಿದೆ.

ಬೋನಿನ ಮರ್ಮ

ಬೋನನ್ನು ಹೂಡುವ ಕ್ರಮ ಸರಳ. ಎರಡೇ ಸಾಮಗ್ರಿ ಬೇಕು. ಒಂದು, ಕುಶಲಕರ್ಮಿ ಕಲ್ಲಿನಿಂದ ಕಡೆದ ಯಂತ್ರದ ಬಿಡಿಭಾಗ. ಇನ್ನೊಂದು, ಖಾಲಿ ಬೋನು. ಬೋನು ಬಡಗಿ ಮಾಡಿದ ಮರದ್ದಾಗಬಹುದು, ಕಮ್ಮಾರ ಮಾಡಿದ ಲೋಹದ್ದಾಗಬಹುದು, ಗಾಜಿನದೂ ಆಗಬಹುದು. ಬಲದಲ್ಲಿ ಮೂರಕ್ಕೂ ವ್ಯತ್ಯಾಸವಿಲ್ಲ. ನೆಲದ ಒಂದು ಚೌಕದಲ್ಲಿ ಇವೆರಡನ್ನು ಜೋಡಿಸಿ ಇಟ್ಟರೆ ಮುಗಿಯಿತು. ಶತ್ರುವೋ ಕಾಡುಮೃಗವೋ ಅಲ್ಲಿ ಕಾಲಿಟ್ಟರೆ ಸೆರೆ. ಮೊಲಕ್ಕೂ ಅದೇ ನಿಯಮ, ಡ್ರ್ಯಾಗನ್‌ಗೂ ಅದೇ.

ಕೋಟೆಯ ಕುಬ್ಜರು ಮಾತ್ರ ಅದರ ಮೇಲೆ ದಿನವಿಡೀ ಓಡಾಡಿದರೂ ಬೀಳುವುದಿಲ್ಲ. ಬಲೆ ಎಲ್ಲಿದೆಯೆಂದು ಅವರಿಗೆ ಗೊತ್ತು. ಗಾಯಗೊಂಡು ಅದರ ಮೇಲೇ ಮೂರ್ಛೆ ಹೋದವನು ಮಾತ್ರ ತನ್ನವರದೇ ಬೋನಿನಲ್ಲಿ ಕಣ್ಣು ಬಿಡಬೇಕಾಗುತ್ತದೆ.

ಮಿತಿಯೂ ಇದೆ. ಒಂದು ಬೋನು ಒಂದು ಸಲಕ್ಕೆ ಮಾತ್ರ. ಹತ್ತು ಗಾಬ್ಲಿನ್‌ಗಳ ದಂಡು ಬಂದರೆ ಮೊದಲನೆಯದು ಸಿಕ್ಕಿಬೀಳುತ್ತದೆ, ಉಳಿದ ಒಂಬತ್ತು ಅದನ್ನು ದಾಟಿ ನಡೆಯುತ್ತವೆ. ತುಂಬಿದ ಬೋನನ್ನು ತೆಗೆದು ಖಾಲಿಯದನ್ನು ಇಡಲು ಯಾರಾದರೂ ಹೊರಗೆ ಬರಲೇಬೇಕು. ಆದ್ದರಿಂದ ಜಾಣ ಆಟಗಾರರು ಬೋನುಗಳನ್ನು ಸಾಲಾಗಿ ಇಡುತ್ತಾರೆ, ಹತ್ತು, ಇಪ್ಪತ್ತು, ಮೂವತ್ತು.

ಆದರೆ ನಿಜವಾದ ಕೌಶಲ ಇರುವುದು ಬೋನಿನಲ್ಲಲ್ಲ, ದಾರಿಯಲ್ಲಿ. ಮೃಗ ಕೋಟೆಯ ಒಳಕ್ಕೆ ಬರಲು ತೆರೆದಿರುವ ಹತ್ತಿರದ ಹಾದಿಯನ್ನು ಹುಡುಕುತ್ತದೆ. ಎತ್ತುವ ಸೇತುವೆಯನ್ನು ಎತ್ತಿ ಎಲ್ಲ ಬಾಗಿಲನ್ನೂ ಮುಚ್ಚಿದರೆ ಅದು ಹೊರಗೇ ಸುಳಿದಾಡುತ್ತದೆ, ಎಂದು ಯಾರ ಮೇಲೆ ಬೀಳುವುದೋ ಗೊತ್ತಾಗುವುದಿಲ್ಲ. ಒಂದೇ ಒಂದು ಇಕ್ಕಟ್ಟಾದ ಓಣಿಯನ್ನು ತೆರೆದಿಟ್ಟರೆ ಅದು ತಾನಾಗಿ ಅಲ್ಲಿಗೇ ಬರುತ್ತದೆ. ಖೆಡ್ಡಾದ ಕಥೆ ಕೇಳಿ ಬೆಳೆದವರಿಗೆ ಈ ತರ್ಕ ಅಪರಿಚಿತವೇನಲ್ಲ. ಬಲವಂತದಿಂದ ಹಿಡಿಯುವುದಲ್ಲ, ಅದು ತನ್ನ ಇಚ್ಛೆಯೆಂದೇ ತಿಳಿದು ನಡೆದು ಬರುವಂತೆ ದಾರಿ ಕಡಿಯುವುದು.

ಬೇರೆ ಬಗೆಯ ಬಲೆಗಳೂ ಉಂಟು. ತಲೆಯ ಮೇಲೆ ಬಂಡೆ ಬೀಳಿಸುವುದು, ಹತ್ತು ಆಯುಧಗಳನ್ನು ಒಟ್ಟಿಗೆ ಬೀಸುವುದು, ಕಾಲ ಕೆಳಗಿನ ಒತ್ತುಹಲಗೆ ಅದುಮಿದರೆ ನೀರನ್ನೋ ಕುದಿವ ಶಿಲಾರಸವನ್ನೋ ಹರಿಸುವುದು. ಇವೆಲ್ಲ ಕೊಲ್ಲುವ ಉಪಾಯಗಳು. ಬೋನು ಮಾತ್ರ ಜೀವಸಹಿತ ಹಿಡಿಯುತ್ತದೆ. ಅದರ ಆಕರ್ಷಣೆಯೂ ಅದೇ, ಅಪಾಯವೂ ಅದೇ.

ಬಲೆಗೆ ಬೀಳದವರು

ಎಲ್ಲರೂ ಬೀಳುವುದಿಲ್ಲ. ಕೋಬೋಲ್ಡ್ ಎಂಬ ಸಣ್ಣ ಕಳ್ಳಜೀವಿಗಳಿಗೆ ಬಲೆಗಳ ಗುಟ್ಟು ಗೊತ್ತು. ಡ್ರ್ಯಾಗನ್ ಸಿಕ್ಕಿಬಿದ್ದ ಓಣಿಯಲ್ಲೇ ಅವು ಹೆಜ್ಜೆ ಎಣಿಸುತ್ತ ದಾಟಿ ಬಂದು ಕೈಗೆ ಸಿಕ್ಕಿದ್ದನ್ನು ಕದ್ದೊಯ್ಯುತ್ತವೆ. ಅವಕ್ಕೆ ಮದ್ದು ಯಂತ್ರವಲ್ಲ, ಬಾಗಿಲಲ್ಲಿ ಕಟ್ಟಿದ ನಾಯಿ.

ಭಯಾನಕವಾದವು ನೆಲದಡಿ ಇವೆ. ಕುಬ್ಜರು ಆಳಕ್ಕೆ ಅಗೆದಂತೆ ವಿಶಾಲವಾದ ಗುಹೆಗಳು ತೆರೆದುಕೊಳ್ಳುತ್ತವೆ. ಅಲ್ಲಿಂದ ಬರುವವನ್ನು ಆಟ 'ಮರೆತುಹೋದ ಮೃಗ'ಗಳೆನ್ನುತ್ತದೆ. ಇವುಗಳಿಗೆ ಯಾವ ಪುರಾಣದ ಮಾದರಿಯೂ ಇಲ್ಲ. ಕಂಪ್ಯೂಟರ್ ಪ್ರತಿ ಲೋಕಕ್ಕೂ ಹೊಸದಾಗಿ ಅವುಗಳನ್ನು ಜೋಡಿಸುತ್ತದೆ. ಒಂದು ಸಲ ಉಪ್ಪಿನಿಂದಾದ ದೈತ್ಯ ಹುಳು, ಇನ್ನೊಂದು ಸಲ ರೆಕ್ಕೆಯುಳ್ಳ ಕಣ್ಣಿಲ್ಲದ ಹಲ್ಲಿ, ಮತ್ತೊಂದು ಸಲ ಬರೀ ಹಬೆಯಿಂದಾದ ದೇಹ. ಕೆಲವು ವಿಷದ ಧೂಳನ್ನು ಉಗುಳುತ್ತವೆ, ಕೆಲವು ಬಲೆ ನೇಯುತ್ತವೆ. ಎದುರಿಗೆ ಬರುವವರೆಗೂ ಅದು ಏನೆಂದು ಗೊತ್ತಿರುವುದಿಲ್ಲ. ಬೋನನ್ನು ಅವು ತುಳಿದುಕೊಂಡೇ ಹೋಗುತ್ತವೆ.

ಆಟಗಾರರು ಇದಕ್ಕೂ ಉಪಾಯ ಕಂಡುಕೊಂಡರು. ಬಲೆಗೆ ಬೀಳದ ಜೀವಿಯೂ ಜೇಡನ ನೂಲಿನಲ್ಲಿ ಸಿಕ್ಕಿ ನಿಂತಿದ್ದರೆ ಬೋನು ಅದನ್ನು ಹಿಡಿಯುತ್ತದೆ. ಗುಹೆಯಲ್ಲಿ ದೈತ್ಯ ಜೇಡಗಳಿವೆ, ಕುಬ್ಜರ ಪಾಲಿಗೆ ಸಾಕ್ಷಾತ್ ಯಮ. ಆದರೆ ಆ ಜೇಡ ಬೋನಿಗೆ ಬೀಳುತ್ತದೆ. ಆದ್ದರಿಂದ ಮೊದಲು ಜೇಡನನ್ನು ಹಿಡಿಯುವುದು, ಅದರ ಕೈಯಲ್ಲಿ ಬೋನುಗಳ ಮೇಲೆ ನೂಲು ಹಾಕಿಸುವುದು, ಆಮೇಲೆ ಆ ಓಣಿಗೆ ದೊಡ್ಡ ಮೃಗವನ್ನು ಬರಮಾಡಿಕೊಳ್ಳುವುದು. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದೆಂದರೆ ಇದೇ.

ಇನ್ನೂ ಆಳದಲ್ಲಿ, ಅಪೂರ್ವ ಲೋಹದ ಗಣಿಯ ಕೆಳಗೆ, ಪಾತಾಳವೇ ಇದೆ. ಆಸೆಬುರುಕರಾಗಿ ಅಲ್ಲಿಯವರೆಗೆ ಅಗೆದವರ ಮೇಲೆ ಪಿಶಾಚಿಗಳ ದಂಡೇ ಏಳುತ್ತದೆ. ಅವಕ್ಕೂ ಬೋನು ಲೆಕ್ಕಕ್ಕಿಲ್ಲ. ಆಂಗ್ಲ ಲೇಖಕ ಟೋಲ್ಕಿನ್‌ರ 'ಲಾರ್ಡ್ ಆಫ್ ದಿ ರಿಂಗ್ಸ್' ಓದಿದವರಿಗೆ ಮೋರಿಯಾ ಗಣಿಯ ನೆನಪಾಗುತ್ತದೆ. ಅಲ್ಲಿಯೂ ಕುಬ್ಜರು ಅತಿ ಆಳಕ್ಕೆ ಅಗೆದು ಮಲಗಿದ್ದ ಬೆಂಕಿಯ ಭೂತವನ್ನು ಎಬ್ಬಿಸಿದ್ದರು.

ತೋಳನನ್ನು ಕಟ್ಟಿದ ರೇಷ್ಮೆ

ಟೋಲ್ಕಿನ್ ತಮ್ಮ ಕುಬ್ಜರ ಹೆಸರುಗಳನ್ನು ತೆಗೆದುಕೊಂಡದ್ದು ಉತ್ತರ ಯುರೋಪಿನ ನಾರ್ಸ್ ಜನರ ಪುರಾಣ ಕಾವ್ಯದಿಂದ. ಆ ಪುರಾಣದಲ್ಲಿ ಕುಬ್ಜರು ನೆಲದಡಿಯ ಮಹಾ ಕುಶಲಕರ್ಮಿಗಳು. ದೇವತೆಗಳ ಆಯುಧ, ಆಭರಣಗಳೆಲ್ಲ ಅವರ ಕುಲುಮೆಯಲ್ಲೇ ಆಗಬೇಕು. ಘೋರ ಮೃಗವೊಂದನ್ನು ಕಟ್ಟಿಹಾಕಿದ ಅತಿ ಪ್ರಸಿದ್ಧ ಕಥೆಯೂ ಅಲ್ಲೇ ಇದೆ. ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ 13ನೆಯ ಶತಮಾನದಲ್ಲಿ ಅದನ್ನು ಬರೆದಿಟ್ಟ.

ಫೆನ್ರಿರ್ ಎಂಬ ತೋಳದ ಮರಿಯನ್ನು ದೇವತೆಗಳು ತಮ್ಮಲ್ಲೇ ಸಾಕಿದರು. ಅದು ದಿನದಿನಕ್ಕೆ ಬೆಳೆಯುತ್ತ ಹೋಯಿತು. ಮುಂದೆ ಇದರಿಂದಲೇ ತಮಗೆ ನಾಶ ಎಂದು ಭವಿಷ್ಯ ತಿಳಿದಾಗ ಕಟ್ಟಿಹಾಕಲು ಹೊರಟರು. ಬಲ ಪರೀಕ್ಷೆಯ ನೆಪ ಹೇಳಿ ಕಬ್ಬಿಣದ ಸರಪಳಿ ಹಾಕಿದರು. ತೋಳ ಕೊಡವಿ ಮುರಿಯಿತು. ಇಮ್ಮಡಿ ಬಲದ ಸರಪಳಿ ತಂದರು, ಅದೂ ಮುರಿಯಿತು. ಆಗ ಕುಬ್ಜರ ಬಳಿ ಆಳು ಕಳಿಸಿದರು. ಕುಬ್ಜರು ಆರು ವಸ್ತುಗಳಿಂದ ಒಂದು ಪಟ್ಟಿ ನೇಯ್ದರು. ಬೆಕ್ಕಿನ ಹೆಜ್ಜೆಯ ಸದ್ದು, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು. ಪಟ್ಟಿ ರೇಷ್ಮೆಯಂತೆ ನಯವಾಗಿತ್ತು. ಆದರೆ ತೋಳ ಎಷ್ಟು ಎಳೆದರೂ ಹರಿಯಲಿಲ್ಲ.

ಮರದ ಬೋನಿಗೂ ಈ ರೇಷ್ಮೆ ಪಟ್ಟಿಗೂ ಹತ್ತಿರದ ನಂಟಿದೆ. ಬಲಕ್ಕೆ ಬಲ ಎದುರಾದರೆ ಮೃಗವೇ ಗೆಲ್ಲುತ್ತದೆ. ಕುಬ್ಜರ ಗೆಲುವು ಬಲದ್ದಲ್ಲ, ಕಸುಬಿನದು. ಆಡಮ್ಸ್ ಸಹೋದರರು ಬೋನನ್ನು ಹೀಗೇಕೆ ಮಾಡಿದರೆಂಬುದು ಬೇರೆ ಮಾತು. ಆಡುವವರ ಅನುಭವದಲ್ಲಿ ಅದು ಈ ಹಳೆಯ ಕಥೆಯ ರುಚಿಯನ್ನೇ ಕೊಡುತ್ತದೆ.

ಆದರೆ ಕಥೆಯ ಇನ್ನೊಂದು ಭಾಗವನ್ನು ಮರೆಯಬಾರದು. ನಯವಾದ ಪಟ್ಟಿಯನ್ನು ನೋಡಿ ತೋಳಕ್ಕೆ ಸಂಶಯ ಬಂತು. ಮೋಸವಿಲ್ಲವೆಂಬುದಕ್ಕೆ ಒಬ್ಬರು ತನ್ನ ಬಾಯಲ್ಲಿ ಕೈಯಿಡಲಿ ಎಂದಿತು. ಟೀರ್ ಎಂಬ ದೇವತೆ ಮಾತ್ರ ಮುಂದೆ ಬಂದ. ಕಟ್ಟು ಬಿಗಿಯಾಯಿತು, ದೇವತೆಗಳು ನಕ್ಕರು, ಟೀರ್ ನಗಲಿಲ್ಲ. ಅವನ ಕೈ ಹೋಗಿತ್ತು. ಮೃಗವನ್ನು ಕಟ್ಟುವುದಕ್ಕೆ ಬೆಲೆ ತೆರಬೇಕು ಎನ್ನುತ್ತದೆ ಪುರಾಣ. ಅಷ್ಟೇ ಅಲ್ಲ, ಆ ಕಟ್ಟೂ ಶಾಶ್ವತವಲ್ಲ. ಲೋಕ ಮುಗಿಯುವ ಕಾಲಕ್ಕೆ ತೋಳ ಬಿಡಿಸಿಕೊಂಡು ಬಂದೇ ಬರುತ್ತದೆ.

ಹಿಡಿದ ಮೇಲೆ ಏನು?

ಆಟದಲ್ಲಿ ಬೋನು ಹೂಡಿದವನ ಕೈ ಹೋಗುವುದಿಲ್ಲ. ಬೆಲೆ ಬೇರೆ ರೂಪದಲ್ಲಿ ಬರುತ್ತದೆ.

ಹಿಡಿದ ಡ್ರ್ಯಾಗನ್ ಅನ್ನು ಪಳಗಿಸಬಹುದು. 2012ರಲ್ಲಿ ಸಹೋದರರು ಪ್ರಾಣಿ ಪಳಗಿಸುವ ಕ್ರಮವನ್ನೇ ಹೊಸದಾಗಿ ಬರೆದರು. ಅದರಂತೆ ಕಾಡುಮೃಗ ಒಂದೇ ದಿನದಲ್ಲಿ ಸಾಧುವಾಗುವುದಿಲ್ಲ. ಪಳಗಿಸುವವನು ಮತ್ತೆ ಮತ್ತೆ ಅದರ ಬಳಿ ಹೋಗುತ್ತಿರಬೇಕು. ಗಮನ ತಪ್ಪಿದರೆ ಅದು ಕಾಡುತನಕ್ಕೇ ಮರಳುತ್ತದೆ. ಬಾಗಿಲು ಕಾಯಲೆಂದು ಕಟ್ಟಿದ ಡ್ರ್ಯಾಗನ್ ಒಂದು ದಿನ ಯಜಮಾನನ ಮೇಲೇ ಉಸಿರು ಬಿಟ್ಟೀತು. ದೈತ್ಯ ಜೇಡನನ್ನು ಕಂಡಿಯಾಚೆ ಕೂಡಿಹಾಕಿ, ಅದು ಎಸೆದ ನೂಲನ್ನು ಸಂಗ್ರಹಿಸಿ ರೇಷ್ಮೆ ಬಟ್ಟೆ ನೇಯಿಸುವವರೂ ಇದ್ದಾರೆ. ಇನ್ನು ಕೆಲವರು ಬೋನುಗಳನ್ನು ಸಾಲಾಗಿಟ್ಟು ಮೃಗಾಲಯ ಮಾಡುತ್ತಾರೆ. ಕುಬ್ಜರು ಬಿಡುವಿನಲ್ಲಿ ಬಂದು ನೋಡಿ ಸಂತೋಷಪಡುತ್ತಾರೆ.

ಅಲ್ಲಿಗೇ ನಿಲ್ಲುವುದಿಲ್ಲ. ಸೆರೆಸಿಕ್ಕ ಗಾಬ್ಲಿನ್‌ಗಳ ಆಯುಧ, ಬಟ್ಟೆ ಕಸಿದು, ಹೊಸ ಸೈನಿಕರ ಅಭ್ಯಾಸಕ್ಕೆಂದು ಒಬ್ಬೊಬ್ಬರನ್ನೇ ಹಳ್ಳಕ್ಕೆ ತಳ್ಳುವುದು ಸಾಮಾನ್ಯ ಪದ್ಧತಿ. ಇನ್ನೂ ಕುಖ್ಯಾತವಾದದ್ದು ಮತ್ಸ್ಯಕನ್ಯೆಯರ ಪ್ರಸಂಗ. ಆಟದಲ್ಲಿ ಅವರ ಮೂಳೆಗೆ ಬಹಳ ಬೆಲೆ ನಿಗದಿಯಾಗಿತ್ತು. ಇದನ್ನು ಗಮನಿಸಿದ ಆಟಗಾರರು ಮತ್ಸ್ಯಕನ್ಯೆಯರನ್ನು ಹಿಡಿದು, ಕೊಳದಲ್ಲಿ ಸಾಕಿ, ಸಂತಾನ ಪಡೆದು, ಮೂಳೆಗಾಗಿ ಕೊಲ್ಲುವ ಯೋಜನೆಯನ್ನೇ ಲೆಕ್ಕ ಸಮೇತ ಮುಂದಿಟ್ಟರು. ಬಗೆಬಗೆಯ ಸಾವನ್ನು ತಾನೇ ಬರೆದಿಟ್ಟ ಟಾರ್ನ್ ಆಡಮ್ಸ್‌ಗೂ ಇದು ಅತಿಯೆನಿಸಿತು. ಅವರು ಆ ಮೂಳೆಯ ಬೆಲೆಯನ್ನು ಇಳಿಸಿಬಿಟ್ಟರು. ಉಪದೇಶ ಮಾಡಲಿಲ್ಲ, ನಿಷೇಧ ಹಾಕಲಿಲ್ಲ. ಲಾಭ ಹೋದ ಮೇಲೆ ಯೋಜನೆಗೆ ಅರ್ಥವೇ ಉಳಿಯಲಿಲ್ಲ.

ಬಿಂದುಗಳಲ್ಲಿ ಮೂಡಿದ ಅಕ್ಷರವೊಂದನ್ನು ಕೊಂದರೆ ಯಾರಿಗೆ ನಷ್ಟ ಎಂದು ಕೇಳಬಹುದು. ನಷ್ಟ ಯಾರಿಗೂ ಇಲ್ಲ. ಆದರೆ ಬೋನು ಒಂದು ಗುಟ್ಟನ್ನು ಬಯಲಿಗೆಳೆಯುತ್ತದೆ. ಮೃಗ ಹೊರಗಿರುವಾಗ ಆಟಗಾರನ ಮನಸ್ಸಿನಲ್ಲಿರುವುದು ಭಯ. ಅದು ಒಳಗೆ ಬಿದ್ದೊಡನೆ ಆ ಜಾಗಕ್ಕೆ ಲೆಕ್ಕಾಚಾರ ಬರುತ್ತದೆ. ಭಯಕ್ಕಿಂತ ಲೆಕ್ಕಾಚಾರವೇ ಹೆಚ್ಚು ನಿರ್ದಯಿ ಎಂಬುದನ್ನು ಯಾವ ಗುರುವೂ ಹೇಳಿಕೊಡದೆ ಆಟಗಾರರು ಅಲ್ಲಿ ಕಲಿತರು.

ಒಳಗಿನವನೇ ಮೃಗವಾದರೆ

ಮೃಗ ಯಾವಾಗಲೂ ಬಾಗಿಲಿನಿಂದಲೇ ಬರಬೇಕೆಂದಿಲ್ಲ. 2012ರಿಂದ ಆಟದಲ್ಲಿ ರಕ್ತಪಿಶಾಚಿಗಳಿವೆ. ವಲಸೆ ಬಂದ ಸಾಮಾನ್ಯ ಕುಬ್ಜನಂತೆ ಒಬ್ಬ ಒಳಸೇರುತ್ತಾನೆ. ದುಡಿಯುತ್ತಾನೆ, ಎಲ್ಲರೊಡನೆ ಬೆರೆಯುತ್ತಾನೆ. ಕೆಲವು ದಿನಗಳಲ್ಲಿ ಮಲಗಿದ್ದವನೊಬ್ಬ ರಕ್ತ ಬತ್ತಿ ಸತ್ತಿರುತ್ತಾನೆ. ಬೋನು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ಅವನು ಕೋಟೆಯ ಪ್ರಜೆ. ಆಟಗಾರ ಪತ್ತೇದಾರನಾಗಬೇಕು. ಯಾರು ಊಟ ಮಾಡುವುದಿಲ್ಲ, ಯಾರು ಮದ್ಯ ಮುಟ್ಟುವುದಿಲ್ಲ, ಯಾರಿಗೆ ನಿದ್ದೆ ಇಲ್ಲ ಎಂದು ನೋಡುತ್ತ ಹೋಗಬೇಕು.

ಸಿಕ್ಕಿದ ಮೇಲೆ ಬಹಳಷ್ಟು ಆಟಗಾರರು ಅವನನ್ನು ಕೊಲ್ಲುವುದಿಲ್ಲ. ಒಂದು ಕೋಣೆಯಲ್ಲಿ ಮೇಜು, ಕುರ್ಚಿ ಹಾಕಿಸಿ, ಬಾಗಿಲಿಗೆ ಗೋಡೆ ಕಟ್ಟಿಸಿ, ಕೋಟೆಯ ಲೆಕ್ಕಪತ್ರ ಬರೆಯಲು ಹಚ್ಚುತ್ತಾರೆ. ಅನ್ನ, ನೀರು, ನಿದ್ದೆ, ರಜೆ ಯಾವುದೂ ಬೇಡದ ಗುಮಾಸ್ತ! ಕಚೇರಿಗಳಲ್ಲಿ ದುಡಿದವರು ಇದನ್ನು ಕೇಳಿ ನಗದೆ ಇರಲಾರರು.

ಇನ್ನೊಂದು ಪ್ರಸಂಗದಲ್ಲಿ ನಗು ಬರುವುದಿಲ್ಲ. ಹುಣ್ಣಿಮೆಗೆ ಮೃಗವಾಗಿ ಬದಲಾಗುವ ಜೀವಿಗಳು ಕೋಟೆಗೆ ನುಗ್ಗಿ ಕಚ್ಚುತ್ತವೆ. ಕಚ್ಚಿಸಿಕೊಂಡು ಬದುಕಿ ಉಳಿದವನು ಮುಂದಿನ ಹುಣ್ಣಿಮೆಗೆ ತಾನೇ ಮೃಗ. ಅವನು ಕೋಟೆಯ ಒಳ್ಳೆಯ ಅಕ್ಕಸಾಲಿಗನಿರಬಹುದು, ಮಕ್ಕಳ ತಂದೆಯಿರಬಹುದು. ಉಳಿದ ದಿನಗಳಲ್ಲಿ ಅವನು ತಪ್ಪಿಲ್ಲದವನು. ಅವನನ್ನು ಹೊರಗಟ್ಟಬೇಕೆ? ಗೋಡೆಯೊಳಗೆ ಒಂಟಿಯಾಗಿ ಇಡಬೇಕೆ? ಕನಿಕರಪಟ್ಟು ಹಾಗೇ ಬಿಟ್ಟ ಆಟಗಾರರು ಒಂದೇ ರಾತ್ರಿಯಲ್ಲಿ ಇಡೀ ಕೋಟೆಯನ್ನು ಕಳೆದುಕೊಂಡದ್ದುಂಟು. ಪ್ರಾಚೀನ ಗ್ರೀಕರ ಕಥೆಯಲ್ಲಿ ಕ್ರೀಟ್ ದ್ವೀಪದ ಮೈನೋಸ್ ರಾಜ, ಎತ್ತಿನ ತಲೆಯ ಮಿನೋಟಾರನಿಗಾಗಿ ಚಕ್ರವ್ಯೂಹದಂಥ ಸೆರೆಮನೆ ಕಟ್ಟಿಸಿದ. ಅಲ್ಲಿದ್ದದ್ದೂ ಹೊರಗಿನ ಶತ್ರುವಲ್ಲ, ರಾಣಿಯ ಮಗ.

ಆನೆಗಳ ಕೈಯಲ್ಲಿ ಸೋತ ಕೋಟೆ

ಇಷ್ಟೆಲ್ಲ ಜಾಣತನವಿದ್ದೂ ಆಟದಲ್ಲಿ ಗೆಲುವೆಂಬುದು ಇಲ್ಲ. ಕೋಟೆ ಒಂದಲ್ಲ ಒಂದು ದಿನ ಬೀಳುತ್ತದೆ, ಇಲ್ಲವೆ ಆಟಗಾರನೇ ಬಿಟ್ಟು ಏಳುತ್ತಾನೆ. 'ಸೋಲುವುದೇ ಮೋಜು' ಎಂಬುದು ಆಡುವವರ ಧ್ಯೇಯವಾಕ್ಯ.

ಇದಕ್ಕೆ ಪ್ರಸಿದ್ಧ ಉದಾಹರಣೆ 'ಬೋಟ್‌ಮರ್ಡರ್ಡ್' ಎಂಬ ಕೋಟೆಯ ಕಥೆ. ಆಟದ ಆರಂಭದ ವರ್ಷಗಳಲ್ಲಿ ಹಲವು ಆಟಗಾರರು ಒಂದೇ ಕೋಟೆಯನ್ನು ಸರದಿಯಂತೆ ಒಂದೊಂದು ವರ್ಷ ಆಳಿ, ನಡೆದದ್ದನ್ನು ಬರೆದಿಟ್ಟರು. ಆಗಿನ ಆವೃತ್ತಿಯಲ್ಲಿ ಆನೆಗಳು ಡ್ರ್ಯಾಗನ್‌ಗಿಂತ ಹೆಚ್ಚಿನ ಪೀಡೆ. ಹೊರಗೆ ಕಾಲಿಟ್ಟ ಕುಬ್ಜರನ್ನು ಅವು ಅಟ್ಟಿಸಿಕೊಂಡು ಬಂದು ತುಳಿಯುತ್ತಿದ್ದವು. ರೋಸಿಹೋದ ಆಟಗಾರರು ಒಂದು ಸನ್ನೆ ಎಳೆದರೆ ಹೊರಗಿನ ಬಯಲಿಗೆಲ್ಲ ಶಿಲಾರಸ ಹರಿಯುವ ವ್ಯವಸ್ಥೆ ಕಟ್ಟಿದರು. ಅದು ಆನೆಗಳನ್ನು ಸುಟ್ಟಿತು, ಹೊರಗಿದ್ದ ತಮ್ಮವರನ್ನೂ ಸುಟ್ಟಿತು. ಕೊನೆಗೆ ಕೋಟೆ ಹಾಳಾದದ್ದು ಆನೆಗಳಿಂದಲ್ಲ. ಬೆಂಕಿಯಿಂದ, ಬಂಧುಗಳ ಸಾವಿಗೆ ಕಂಗೆಟ್ಟ ಕುಬ್ಜರು ತಮ್ಮತಮ್ಮಲ್ಲೇ ಬಡಿದಾಡಿದ್ದರಿಂದ. ಆಟದ ಹೆಸರು ಆಡದವರ ಕಿವಿಗೂ ಬಿದ್ದದ್ದು ಈ ಕಥನದಿಂದ.

ಸಹೋದರರು ಎಲ್ಲವನ್ನೂ ಮುಂದಾಗಿ ಯೋಚಿಸಿ ಇಟ್ಟಿರುವುದಿಲ್ಲ. ಸಣ್ಣ ಸಣ್ಣ ನಿಯಮಗಳನ್ನು ಬರೆಯುತ್ತಾರೆ. ಅವು ಒಂದಕ್ಕೊಂದು ತಾಗಿ ಏನಾಗುವುದೋ ಅವರಿಗೂ ಗೊತ್ತಿರುವುದಿಲ್ಲ. 2015ರಲ್ಲಿ ಕೋಟೆಗೆ ಪಾನಗೃಹ ಸೇರಿಸಿದಾಗ ಬೆಕ್ಕುಗಳು ಸಾಯತೊಡಗಿದವು. ಹುಡುಕಿದರೆ, ಕುಬ್ಜರು ಚೆಲ್ಲಿದ ಮದ್ಯವನ್ನು ಬೆಕ್ಕುಗಳು ತುಳಿದು, ಪಂಜ ನೆಕ್ಕಿ ಶುಚಿ ಮಾಡಿಕೊಳ್ಳುವಾಗ ಪ್ರತಿ ನೆಕ್ಕಿಗೂ ಒಂದು ಇಡೀ ಲೋಟ ಕುಡಿದಂತೆ ಲೆಕ್ಕವಾಗುತ್ತಿತ್ತು. ಡ್ರ್ಯಾಗನ್ ಹಿಡಿಯುವ ಬೋನು ಇರುವ ಲೋಕದಲ್ಲಿ ಬೆಕ್ಕು ಸತ್ತದ್ದು ಲೆಕ್ಕದ ಒಂದು ಸಣ್ಣ ತಪ್ಪಿನಿಂದ.

ಕೋಟೆ ಬಿದ್ದ ಮೇಲೂ ಆ ಲೋಕ ಅಳಿಯುವುದಿಲ್ಲ. ಅದೇ ಲೋಕದಲ್ಲಿ ಇನ್ನೊಂದು ಬೆಟ್ಟ ಆರಿಸಿಕೊಂಡು ಮತ್ತೆ ಏಳು ಕುಬ್ಜರೊಡನೆ ಹೊಸ ಕೋಟೆ ಕಟ್ಟಬಹುದು. ಹಳೆಯ ಕೋಟೆ ಯಾವ ವರ್ಷ, ಯಾರಿಂದ ಹಾಳಾಯಿತೆಂಬುದು ಆ ಲೋಕದ ಚರಿತ್ರೆಯಲ್ಲಿ ಸೇರಿಹೋಗಿರುತ್ತದೆ. ಹೊಸ ಕೋಟೆಯ ಶಿಲ್ಪಿ ಅದನ್ನು ತನ್ನ ಗೋಡೆಯ ಮೇಲೆ ಕೆತ್ತಿದರೂ ಕೆತ್ತಬಹುದು. ಅಷ್ಟರಲ್ಲಿ ಬಡಗಿ ಇನ್ನೊಂದು ಮರ ಕಡಿದು ಬೋನು ಮಾಡಲು ಕೂತಿರುತ್ತಾನೆ.